ಹಳೆಯ ಕಾರೂ ಪರಿಗ್ರಹ ಪರಿಮಾಣವೂ

ಪೂಜ್ಯಪಾದಾಚಾರ್ಯರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿ ಟೀಕೆಯ ಏಳನೆಯ ಅಧ್ಯಾಯದಲ್ಲಿ, ಪರಿಗ್ರಹವೆಂದರೆ ಮೂರ್ಛೆ ಎಂಬ ಉಮಾಸ್ವಾತಿಗಳ ಮಾತನ್ನು ವಿವರಿಸುವಾಗ, ಮೂರು ವ್ಯಾಪಾರಗಳನ್ನು ಮುಖ್ಯವಾಗಿ ಹೆಸರಿಸುತ್ತಾರೆ. ಹಸು, ಎಮ್ಮೆ, ಮಣಿ, ಮುತ್ತು ಮೊದಲಾದ ಬಾಹ್ಯ ವಸ್ತುಗಳನ್ನು, ಹಾಗೆಯೇ ಒಳಗಿನ ರಾಗಾದಿಗಳನ್ನು ಕಾಪಾಡುವುದು, ಗಳಿಸುವುದು, ಸಂಸ್ಕರಿಸುವುದು. ಇವುಗಳಲ್ಲಿ ತೊಡಗಿರುವಿಕೆಯೇ ಮೂರ್ಛೆ ಎಂದು ಅವರ ಅಭಿಪ್ರಾಯ. ಗಳಿಸುವುದೂ ಕೂಡಿಡುವುದೂ ಪರಿಗ್ರಹವೆಂದು ಪಾಠಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಸಂಸ್ಕಾರವನ್ನು, ಅಂದರೆ ಇರುವ ವಸ್ತುವನ್ನು ತಿದ್ದಿ ತೀಡಿ ಹೊಳಪು ಕೊಡುವ ಕೆಲಸವನ್ನು, ಅದೇ ಸಾಲಿನಲ್ಲಿ ಇಟ್ಟಿರುವುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಹಳೆಯ ವಸ್ತುವನ್ನು ಉಳಿಸಿಕೊಳ್ಳುವುದು ಮಿತವ್ಯಯ, ಹೊಸದನ್ನು ಕೊಳ್ಳುವುದು ಆಡಂಬರ ಎಂಬುದೇ ಲೋಕದ ತಿಳಿವಳಿಕೆ.

ಈ ತಿಳಿವಳಿಕೆಯನ್ನು ಕಠಿಣವಾಗಿ ಪರೀಕ್ಷಿಸುವ ಹವ್ಯಾಸವೊಂದು ಇಂದು ನಮ್ಮ ಸಮಾಜದ ಕೆಲವು ಮನೆಗಳಲ್ಲಿ ಕಂಡುಬರುತ್ತಿದೆ. ಅದು ಹಳೆಯ ಮೋಟಾರು ಕಾರುಗಳನ್ನು ಮೂಲ ಸ್ಥಿತಿಗೆ ತಂದು, ಕಾಪಾಡಿ, ಪ್ರದರ್ಶಿಸುವ ಹವ್ಯಾಸ. ಇದು ಕೇವಲ ರಾಜಮಹಾರಾಜರ ವಂಶಸ್ಥರಿಗೆ ಸೇರಿದ್ದೆಂದು ಭಾವಿಸಬೇಕಾಗಿಲ್ಲ. ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವನ್ನು ನೋಡಲು ಹೋದವರು ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನೂ ನೋಡಿಯೇ ಬರುತ್ತಾರೆ. ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಆ ಸಂಗ್ರಹದ ಮುಂದುವರಿಕೆಯಾಗಿ 2023ರಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯವೂ ತೆರೆಯಿತು. ಸಂಸ್ಥೆಯೊಂದು ಸಾರ್ವಜನಿಕರಿಗಾಗಿ ಇಟ್ಟ ಸಂಗ್ರಹದ ಮಾತು ಬೇರೆ. ವ್ರತ ಹಿಡಿದ ಗೃಹಸ್ಥನು ತನ್ನ ಹಿತ್ತಲಲ್ಲಿ ಇಟ್ಟ ಒಂದೇ ಕಾರಿನ ಮಾತು ಬೇರೆ. ಇಲ್ಲಿಯ ವಿಚಾರವು ಎರಡನೆಯದಕ್ಕೆ ಸಂಬಂಧಿಸಿದ್ದು.

ಉತ್ತರ ಕರ್ನಾಟಕದ ಒಂದು ಪೇಟೆಯ ಧಾನ್ಯವ್ಯಾಪಾರಿ ಶ್ರಾವಕರೊಬ್ಬರು 1979ರ ಚಾತುರ್ಮಾಸದಲ್ಲಿ ಮುನಿಮಹಾರಾಜರ ಸನ್ನಿಧಿಯಲ್ಲಿ ಪಂಚಾಣುವ್ರತಗಳನ್ನು ಸ್ವೀಕರಿಸಿದರು. ಪರಿಗ್ರಹ ಪರಿಮಾಣದಲ್ಲಿ ಅವರು ವ್ಯಾಪಾರಿಗೆ ತಕ್ಕಂತೆ ಲೆಕ್ಕ ಹಿಡಿದರು: ವಾಸದ ಮನೆ ಒಂದು, ಅಂಗಡಿ ಒಂದು, ಹೊಲ ಹತ್ತು ಎಕರೆ, ಉಳಿದ ಚರಸ್ವತ್ತೆಲ್ಲ ಸೇರಿ ಹನ್ನೆರಡು ಲಕ್ಷ ರೂಪಾಯಿ. ಆ ಪಟ್ಟಿಯ ಕೊನೆಯಲ್ಲಿ ‘ಕೆಟ್ಟುನಿಂತ ಮೋಟಾರು ಒಂದು, ಬೆಲೆ ಎರಡು ಸಾವಿರ’ ಎಂದು ಬರೆದಿತ್ತು. ಅದು ಅವರ ತಂದೆಯವರು ಕೊಂಡಿದ್ದ 1936ರ ಮೋರಿಸ್ ಏಟ್ ಕಾರು. ನಾಲ್ಕು ಸಿಲಿಂಡರಿನ, 918 ಸಿ.ಸಿ.ಯ ಸಣ್ಣ ಎಂಜಿನ್ನು. ಆರು ವೋಲ್ಟಿನ ಬ್ಯಾಟರಿ. ಮುಂದೆ ಹ್ಯಾಂಡಲು ಹಾಕಿ ತಿರುಗಿಸಿದರೆ ಚಾಲೂ ಆಗುವ ಗಾಡಿ. ತಂದೆಯವರ ನಂತರ ಅದು ದನದ ಕೊಟ್ಟಿಗೆಯ ಮೂಲೆ ಸೇರಿತ್ತು.

ಮಕ್ಕಳು ಅಂಗಡಿಯನ್ನು ವಹಿಸಿಕೊಂಡ ಮೇಲೆ, ಅರವತ್ತರ ವಯಸ್ಸಿನಲ್ಲಿ, ಆ ಶ್ರಾವಕರು ಕಾರಿನ ಕಡೆಗೆ ತಿರುಗಿದರು. ಎಂಜಿನ್ನಿನ ಕೊಳವೆಗಳಲ್ಲಿ ಕಣಜಗಳು ಗೂಡು ಕಟ್ಟಿದ್ದವು. ಅವು ತಾವಾಗಿ ಬಿಟ್ಟುಹೋಗುವವರೆಗೆ ಕಾಯಲಾಯಿತು. ಆಸನದೊಳಗಿನ ಕುದುರೆಕೂದಲ ಮೆತ್ತೆಯಲ್ಲಿ ಇಲಿ ಮರಿ ಹಾಕಿತ್ತು, ಅದಕ್ಕೂ ಕಾಯಲಾಯಿತು. ಮುಂದಿನ ಗಾಲಿಗಳ ಕಿಂಗ್‌ಪಿನ್ನಿನ ಬುಶ್‌ಗಳನ್ನು ಹುಬ್ಬಳ್ಳಿಯಲ್ಲಿ ಲೇತಿನಲ್ಲಿ ಮಾಡಿಸಲಾಯಿತು. ಬ್ರೇಕಿನ ರಬ್ಬರುಗಳಿಗೆ, ಕಾರ್ಬ್ಯುರೇಟರಿನ ಸೂಜಿಗೆ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನೂ ಮುಂಬಯಿಯ ಚೋರ್ ಬಜಾರನ್ನೂ ಸುತ್ತಿದ್ದಾಯಿತು. ನಾಲ್ಕು ವರ್ಷ ಹಿಡಿದ ಈ ಕೆಲಸದಲ್ಲಿ ಹೆಚ್ಚು ಹಣ ಖರ್ಚಾಗಲಿಲ್ಲ, ಖರ್ಚಾದದ್ದು ಕಾಲ. ಬೆಳಗಿನ ಸ್ವಾಧ್ಯಾಯದ ಒಂದು ಗಂಟೆಯು ಅರ್ಧ ಗಂಟೆಗೆ ಇಳಿಯಿತೆಂದು ಮನೆಯವರು ಮೊದಲು ಗುರುತಿಸಿದರು. ಅದನ್ನು ಅವರು ಕೊನೆಯಲ್ಲಿ ಗುರುತಿಸಿದರು.

ಇಲ್ಲಿಯವರೆಗಿನ ಕಥೆಯಲ್ಲಿ ತಪ್ಪೇನಿದೆ ಎಂದು ಅನೇಕರು ಕೇಳಬಹುದು. ಜೀರ್ಣೋದ್ಧಾರವು ಹೊಸ ಬಸದಿಯನ್ನು ಕಟ್ಟಿಸುವುದಕ್ಕಿಂತ ಮಿಗಿಲಾದ ಪುಣ್ಯಕಾರ್ಯವೆಂಬುದು ನಮ್ಮ ಪರಂಪರೆಯ ನಂಬಿಕೆ. ಹಳೆಯ ಯಂತ್ರವೊಂದನ್ನು ಗುಜರಿಗೆ ಹಾಕದೆ ಉಳಿಸುವುದೂ ಒಂದು ಬಗೆಯ ಜೀರ್ಣೋದ್ಧಾರವಲ್ಲವೇ? ಈ ಹೋಲಿಕೆಯು ಕೇಳಲು ಇಂಪಾಗಿದೆಯೇ ಹೊರತು ನಿಲ್ಲುವುದಿಲ್ಲ. ಜೀರ್ಣವಾದ ಬಸದಿಯನ್ನು ಉದ್ಧರಿಸಿದವನು ಅದನ್ನು ‘ನನ್ನದು’ ಎನ್ನಲಾರನು. ಅವನ ಶ್ರಮ ಮುಗಿದ ದಿನ ಅದು ಸಮಸ್ತ ಶ್ರಾವಕಸಂಘದ್ದು. ಕಾರಿನ ವಿಷಯದಲ್ಲಿ ಶ್ರಮ ಹೆಚ್ಚಿದಷ್ಟೂ ‘ನನ್ನದು’ ಎಂಬುದು ಗಟ್ಟಿಯಾಗುತ್ತದೆ. ಹೊಸ ಕಾರನ್ನು ಕೊಂಡವನು ಅದನ್ನು ಐದು ವರ್ಷ ಓಡಿಸಿ ಮಾರುವಾಗ ಕಣ್ಣೀರು ಹಾಕುವುದಿಲ್ಲ. ತನ್ನ ಕೈಯಿಂದ ಪ್ರತಿಯೊಂದು ಬೋಲ್ಟನ್ನು ಉಜ್ಜಿದವನು ಹಾಕುತ್ತಾನೆ. ಸಂಸ್ಕಾರವನ್ನು ಮೂರ್ಛೆಯ ಲಕ್ಷಣದಲ್ಲಿ ಸೇರಿಸಿದ ಪೂಜ್ಯಪಾದರ ದೃಷ್ಟಿ ಎಷ್ಟು ಸೂಕ್ಷ್ಮವೆಂಬುದು ಇಲ್ಲಿ ತಿಳಿಯುತ್ತದೆ. ಒಳಗಿನ ಮಮತ್ವವೇ ಪರಿಗ್ರಹವಾದರೆ ಹೊರಗಿನ ವಸ್ತು ಪರಿಗ್ರಹವಲ್ಲವೇ ಎಂಬ ಪ್ರಶ್ನೆಯನ್ನು ಅವರೇ ಎತ್ತಿ, ಹೊರಗಿನದು ಮೂರ್ಛೆಗೆ ಕಾರಣವಾದ್ದರಿಂದ ಅದೂ ಪರಿಗ್ರಹವೇ ಎಂದು ಸಮಾಧಾನ ಹೇಳಿದ್ದಾರೆ.

ಮೂಲಾಚಾರದ ಪರಂಪರೆಯಲ್ಲಿ ಬರುವ ಹತ್ತು ಬಾಹ್ಯ ಪರಿಗ್ರಹಗಳ ಪಟ್ಟಿಯಲ್ಲಿ ‘ಯಾನ’ಕ್ಕೆ ಪ್ರತ್ಯೇಕ ಸ್ಥಾನವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹ ವ್ರತಕ್ಕೆ ಹೇಳುವ ಐದು ಅತಿಚಾರಗಳು ಇನ್ನೂ ಗಮನಾರ್ಹ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಅತಿವಾಹನವೆಂದರೆ ಎತ್ತು ಮೊದಲಾದವನ್ನು ಲೋಭದಿಂದ ಮಿತಿಮೀರಿ ನಡೆಸುವುದೆಂದು ಟೀಕಾಕಾರರ ಅರ್ಥ. ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದೆಂದೂ ಅರ್ಥ ಹೇಳುವವರಿದ್ದಾರೆ. ವಿಸ್ಮಯವೆಂಬುದಕ್ಕೆ, ಪರರ ಸಂಪತ್ತನ್ನು ಕಂಡು ಬೆರಗಾಗುವುದು ಎಂದು ಒಂದು ವಿವರಣೆ. ಹಾಗಾದರೆ ಪ್ರದರ್ಶನದ ಮೈದಾನದಲ್ಲಿ ಬೆರಗಾಗುವ ನೋಡುಗನ ಅತಿಚಾರಕ್ಕೆ ಬೆರಗುಗೊಳಿಸುವವನು ನಿಮಿತ್ತನಲ್ಲವೇ? ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳನ್ನು ಒಪ್ಪಿದವರು ಈ ಪ್ರಶ್ನೆಯನ್ನು ಹಗುರವಾಗಿ ದಾಟಲಾರರು.

ಪ್ರದರ್ಶನವೆಂಬುದು ಈ ಹವ್ಯಾಸದ ಅಲಂಕಾರವಲ್ಲ, ಅದರ ಪ್ರಾಣ. ದಿಲ್ಲಿಯಲ್ಲಿ 1964ರಿಂದ, ಕಲ್ಕತ್ತೆಯಲ್ಲಿ 1968ರಿಂದ ‘ಸ್ಟೇಟ್ಸ್‌ಮನ್’ ಪತ್ರಿಕೆಯು ಹಳೆಯ ಕಾರುಗಳ ರ್‍ಯಾಲಿಯನ್ನು ನಡೆಸಿಕೊಂಡು ಬಂದಿತು. ಇಂಗ್ಲೆಂಡಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಹೋಗುವ ಓಟವು 1896ರ ಯಾತ್ರೆಯೊಂದರ ಸ್ಮರಣೆಯಾಗಿ 1927ರಲ್ಲಿ ಆರಂಭವಾಯಿತು. ಅದಕ್ಕೆ 1905ಕ್ಕಿಂತ ಮುಂಚಿನ ಗಾಡಿಗಳೇ ಆಗಬೇಕು. ಅಂತರರಾಷ್ಟ್ರೀಯ ವಿಂಗಡಣೆಯಂತೆ 1919ರಿಂದ 1930ರವರೆಗಿನವು ಮಾತ್ರ ‘ವಿಂಟೇಜ್’. ಆದರೆ ನಮ್ಮ ಕೇಂದ್ರ ಸರಕಾರವು 2021ರಲ್ಲಿ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಮೂಲರೂಪವನ್ನು ಉಳಿಸಿಕೊಂಡ ವಾಹನವೆಲ್ಲವೂ ವಿಂಟೇಜ್ ಎನಿಸುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಹೀಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವಿಕೆ ಇಷ್ಟಕ್ಕೇ ರಸ್ತೆಗೆ ತರಬಹುದು. ಧರ್ಮಶಾಸ್ತ್ರವನ್ನು ಓದದ ಅಧಿಕಾರಿಗಳು ಬರೆದ ಈ ನಿಯಮದಲ್ಲಿ ಒಂದು ಸತ್ಯ ಅಡಗಿದೆ. ವಾಹನವು ವಾಹನವಾಗಿ ಉಳಿಯದೆ, ನೋಡುವ ವಸ್ತುವಾದಾಗ ಅದರ ಜಾತಿಯೇ ಬದಲಾಗುತ್ತದೆ. ಉಪಭೋಗದ ಲೆಕ್ಕದಿಂದ ಅದು ಜಾರುತ್ತದೆ, ಋದ್ಧಿಮದದ ಲೆಕ್ಕಕ್ಕೆ ಸೇರುತ್ತದೆ.

ಮೇಲೆ ಹೇಳಿದ ಶ್ರಾವಕರ ಮನೆಯಲ್ಲಿ ಮೊದಲ ತೊಡಕು ಬಂದದ್ದು ಬಸದಿಯ ಕಡೆಯಿಂದ. ಮಹಾವೀರ ಜಯಂತಿಯ ಮೆರವಣಿಗೆಗೆ ಅಲಂಕರಿಸಿದ ಹಳೆಯ ಕಾರಿದ್ದರೆ ಚೆನ್ನ, ಅದರಲ್ಲಿ ಭಗವಂತರ ಭಾವಚಿತ್ರವನ್ನು ಇಡಬಹುದು ಎಂದು ಟ್ರಸ್ಟಿನ ಯುವಕರು ಕೇಳಿದರು. ಶ್ರಾವಕರು ಸಂತೋಷದಿಂದ ಒಪ್ಪಿದರು. ಸಭೆಯಲ್ಲಿ ಕುಳಿತಿದ್ದ ವೃದ್ಧ ಶ್ರಾವಿಕೆಯೊಬ್ಬರು ಒಂದೇ ಮಾತು ಕೇಳಿದರು: “ಆ ಗಾಡಿಯ ಕೂರುವ ಜಾಗ ಚರ್ಮದ್ದಲ್ಲವೇನು?”

ಅದು ಚರ್ಮದ್ದೇ ಆಗಿತ್ತು. ಆ ಕಾಲದ ಇಂಗ್ಲಿಷ್ ಕಾರುಗಳ ಒಳಾಂಗಣವೆಂದರೆ ದನದ ತೊಗಲು, ಕುದುರೆಕೂದಲು, ಉಣ್ಣೆಯ ಬಟ್ಟೆ. ದೊಡ್ಡ ಗಾಡಿಗಳಿಗೆ ಒಂದೆರಡಲ್ಲ, ಹಲವು ಪಶುಗಳ ಚರ್ಮ ಬೇಕಾಗುತ್ತಿತ್ತು. ಸಂಸ್ಥಾನಿಕರ ಕಾರುಗಳ ಚರಿತ್ರೆಯಲ್ಲಿ ಇದಕ್ಕಿಂತಲೂ ಘೋರವಾದದ್ದಿದೆ. ಕೋಟಾ ಸಂಸ್ಥಾನದ ಮಹಾರಾವ್ ಎರಡನೆಯ ಉಮೇದ್ ಸಿಂಗರಿಗಾಗಿ 1925ರಲ್ಲಿ ಸಿದ್ಧವಾದ ರೋಲ್ಸ್ ರಾಯ್ಸ್ ಕಾರಿನಲ್ಲಿ ಹುಲಿಬೇಟೆಗಾಗಿಯೇ ಪ್ರಖರ ದೀಪಗಳನ್ನೂ ಬಂದೂಕುಗಳನ್ನೂ ಅಳವಡಿಸಲಾಗಿತ್ತು. ಅಂಥ ಗಾಡಿಯನ್ನು ಬಂದೂಕುಸಹಿತ ‘ಮೂಲರೂಪಕ್ಕೆ’ ತಂದವನಿಗೆ ಪ್ರದರ್ಶನಗಳಲ್ಲಿ ಪ್ರಶಂಸೆ ದೊರೆಯುತ್ತದೆ. ಹಿಂಸೋಪಕರಣವನ್ನು ಒದಗಿಸುವುದು ಹಿಂಸಾದಾನವೆಂಬ ಅನರ್ಥದಂಡ; ಹಳೆಯ ಹಿಂಸೋಪಕರಣಕ್ಕೆ ಹೊಳಪು ಕೊಟ್ಟು ಚಪ್ಪಾಳೆ ಗಿಟ್ಟಿಸುವುದು ಅದರ ನೆರೆಮನೆಯದೇ.

ಸಣ್ಣ ಮೋರಿಸ್ ಗಾಡಿಯ ಚರ್ಮದ ಬಗ್ಗೆ ಊರಿನಲ್ಲಿ ವಾದಗಳು ನಡೆದವು. ಆ ಪಶು ಸತ್ತು ಎಂಬತ್ತು ವರ್ಷಗಳಾದವು. ಈಗ ಚರ್ಮವನ್ನು ತೆಗೆದರೆ ಯಾವ ಜೀವ ಬದುಕೀತು ಎಂದು ಕೆಲವರು. ಹಳೆಯ ಚರ್ಮವನ್ನು ಉಳಿಸಿಕೊಂಡರೆ ಹೊಸ ಹಿಂಸೆಯಿಲ್ಲ, ಅದರ ಬದಲು ಹೊಸ ಬಟ್ಟೆಯನ್ನು ತರಿಸಿದರೆ ಕಾರ್ಖಾನೆಯ ಆರಂಭಹಿಂಸೆಯಾದರೂ ಸೇರುತ್ತದೆ ಎಂದು ಇನ್ನೊಬ್ಬರು ಲೆಕ್ಕ ಹಾಕಿದರು. ವಾದ ಸಮರ್ಥವಾಗಿಯೇ ಇದೆ. ಆದರೆ ಈ ಹವ್ಯಾಸದಲ್ಲಿ ಹಳೆಯ ಚರ್ಮವು ಒಂಟಿಯಾಗಿ ಇರುವುದಿಲ್ಲ. ಅದಕ್ಕೆ ಬರುವ ಪ್ರಶಂಸೆಯನ್ನು ಕಂಡು, ಆಸನ ಹರಿದ ಕಾರಿನ ಒಡೆಯನು ಹೊಸ ಚರ್ಮಕ್ಕೆ ಬೇಡಿಕೆ ಸಲ್ಲಿಸುತ್ತಾನೆ. ‘ಅಸಲು’ ಎಂಬ ಮಾನದಂಡವೇ ಸತ್ತ ಪಶುವಿನಿಂದ ಬದುಕಿರುವ ಪಶುವಿನವರೆಗೆ ಕೈ ಚಾಚುತ್ತದೆ. ಅನುಮೋದನವೆಂದರೆ ಬಾಯಿಂದ ‘ಸೈ’ ಎನ್ನುವುದಷ್ಟೇ ಅಲ್ಲವೆಂದು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃತಕ ಚರ್ಮವು ಮೋಟಾರಿನ ಚರಿತ್ರೆಗೆ ಹೊರಗಿನದೆಂಬ ಮಾತೂ ತಪ್ಪು. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ, ಅಗ್ಗವೆಂಬ ಕಾರಣಕ್ಕೆ, ಬಹುಪಾಲಿಗೆ ಕೃತಕ ಚರ್ಮವನ್ನೇ ಹಾಕಲಾಗಿತ್ತು.

ಶ್ರಾವಕರು ಚರ್ಮವನ್ನು ತೆಗೆಸಿ, ಹತ್ತಿ ತುಂಬಿದ ದಪ್ಪ ಖಾದಿಯ ಆಸನ ಹಾಕಿಸಿದರು. ಮೆರವಣಿಗೆ ನಿರ್ವಿಘ್ನವಾಗಿ ನಡೆಯಿತು. ತೆಗೆದ ಚರ್ಮವನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಲಾಯಿತು. ಯಾಕೆ ಹಾಕಿದರು, ಯಾಕೆ ಎಸೆಯಲಿಲ್ಲ ಎಂಬುದು ಎಂಟು ತಿಂಗಳ ನಂತರ ಸ್ಪಷ್ಟವಾಯಿತು.

ಬೆಂಗಳೂರಿನಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಆ ಕಾರು ಎಂಜಿನ್ನಿಗೆ, ಬಣ್ಣಕ್ಕೆ, ತಂತಿಗಾಲಿಗಳಿಗೆ ಒಳ್ಳೆಯ ಅಂಕ ಪಡೆದು, ಖಾದಿಯ ಆಸನಕ್ಕಾಗಿ ಮೂರು ಅಂಕ ಕಳೆದುಕೊಂಡಿತು. ಬಹುಮಾನ ಎರಡು ಅಂಕಗಳಿಂದ ತಪ್ಪಿತು. ತೀರ್ಪುಗಾರರ ತಪ್ಪೇನೂ ಇರಲಿಲ್ಲ. ಅವರ ಶಾಸ್ತ್ರ ಅವರಿಗೆ. ಮನೆಗೆ ಮರಳಿದ ಮೇಲೆ ಶ್ರಾವಕರು ಮೂರು ದಿನ ಮೌನವಾಗಿದ್ದು, ನಾಲ್ಕನೆಯ ದಿನ ಮಗನೊಡನೆ ಹೇಳಿದರು: ಎರಡು ಜೊತೆ ಆಸನಗಳಿರಲಿ, ಜಯಂತಿಗೆ ಖಾದಿಯದು, ಪ್ರದರ್ಶನಕ್ಕೆ ಚರ್ಮದ್ದು, ನಾಲ್ಕು ಸ್ಕ್ರೂ ಬಿಚ್ಚಿದರೆ ಬದಲಾಯಿಸಬಹುದು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾಜಿ, ದೇವರಿಗೆ ಒಂದು ಲೆಕ್ಕದ ಪುಸ್ತಕ, ಇಲಾಖೆಗೆ ಒಂದು ಲೆಕ್ಕದ ಪುಸ್ತಕ ಇಡಬಾರದೆಂದು ನೀವೇ ಹೇಳಿಕೊಟ್ಟಿದ್ದು” ಎಂದನು.

ಆ ಮೂರು ಅಂಕಗಳ ನೋವೇ ಪರೀಕ್ಷೆಯ ಫಲಿತಾಂಶ. ಈ ಹವ್ಯಾಸಿಗಳಲ್ಲಿ ಧರ್ಮಜ್ಞರಾದವರು ಭರತ ಚಕ್ರವರ್ತಿಯನ್ನು ಉದಾಹರಿಸುವುದುಂಟು. ಮೂಡಬಿದಿರೆಯ ರತ್ನಾಕರವರ್ಣಿಯು ಭರತೇಶ ವೈಭವದಲ್ಲಿ ಚಿತ್ರಿಸಿದಂತೆ, ಷಟ್ಖಂಡವನ್ನು ಆಳುತ್ತ, ಭೋಗದ ನಡುವೆ ಇದ್ದೂ ಭರತೇಶ್ವರನು ಅಂಟದೆ ಇದ್ದನಲ್ಲವೇ, ಒಂದು ಕಾರಿಗೆ ಅಂಟದೆ ಇರುವುದು ಕಷ್ಟವೇ ಎಂದು. ಅದೇ ಭರತನ ಇನ್ನೊಂದು ಕಥೆಯು ಆದಿಪುರಾಣದಲ್ಲಿದೆ. ದಿಗ್ವಿಜಯ ಮುಗಿಸಿ ವೃಷಭಾಚಲದ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆ ತುಂಬಿ, ಒಂದು ಸಾಲಿಗೂ ಎಡೆಯಿರಲಿಲ್ಲ. ಗರ್ವ ಭಂಗವಾಯಿತು, ಆದರೂ ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸಿದನು. ಹಳೆಯ ಕಾರಿನ ನೋಂದಣಿ ಪುಸ್ತಕವನ್ನು ತೆರೆದರೆ ಹೀಗೆಯೇ ಒಬ್ಬರ ಕೆಳಗೆ ಒಬ್ಬರ ಹೆಸರಿರುತ್ತದೆ. ಪ್ರತಿಯೊಬ್ಬನೂ ‘ನನ್ನ ಕಾರು’ ಎಂದವನೇ. ಭರತನು ಅಂಟದವನೆಂದು ಉದಾಹರಿಸುವವರು ಈ ಕಥೆಯನ್ನೂ ಉದಾಹರಿಸಬೇಕು.

ಎರಡನೆಯ ತೊಡಕು ಲೆಕ್ಕದ್ದು. ಪ್ರದರ್ಶನದಲ್ಲಿ ಕಾರನ್ನು ಕಂಡವರೊಬ್ಬರು ಎಂಟು ಲಕ್ಷ ರೂಪಾಯಿಗೆ ಕೇಳಿದರು. ಶ್ರಾವಕರ ಠೇವಣಿ, ಬಂಗಾರ ಮುಂತಾದವು ಆಗಲೇ ಒಂಬತ್ತು ಲಕ್ಷಕ್ಕೆ ಮುಟ್ಟಿದ್ದವು. ಎರಡು ಸಾವಿರವೆಂದು ಬರೆದ ಸ್ವತ್ತು ಎಂಟು ಲಕ್ಷವಾದರೆ, ಹನ್ನೆರಡು ಲಕ್ಷದ ಪರಿಮಾಣ ಮೀರಿತೇ, ಮೀರಲಿಲ್ಲವೇ?

ವಾಣಿಜ್ಯ ಓದಿದವರು ಥಟ್ಟನೆ ಹೇಳುವ ಉತ್ತರವೆಂದರೆ, ಕೊಂಡ ಬೆಲೆ ಅಥವಾ ಪೇಟೆಯ ಬೆಲೆ, ಇವುಗಳಲ್ಲಿ ಕಡಿಮೆಯಾದದ್ದನ್ನು ಹಿಡಿಯಬೇಕೆಂದು. ಸವಕಳಿ ಕಳೆದರೆ ಅಂಥ ಕಾರಿನ ಪುಸ್ತಕದ ಬೆಲೆ ಒಂದು ರೂಪಾಯಿಯೂ ಉಳಿಯದು. ಆದರೆ ಈ ಸೂತ್ರವು ಮಾಲಿನ ಲಾಭವನ್ನು ಮುಂಚಿತವಾಗಿ ಉಬ್ಬಿಸಿ ತೋರಿಸಬಾರದೆಂದು ಹುಟ್ಟಿದ್ದು, ಆಸೆಯನ್ನು ಬಚ್ಚಿಡಲು ಹುಟ್ಟಿದ್ದಲ್ಲ. ಇನ್ನು ಕೆಲವರು, ಕಾರು ಸ್ವಂತ ಬಳಕೆಯ ವಸ್ತು, ಆದಾಯ ತೆರಿಗೆಯೂ ಅಂಥ ವಸ್ತುವಿನ ಮಾರಾಟದ ಲಾಭವನ್ನು ಬಿಟ್ಟುಬಿಡುತ್ತದೆ ಎಂದರು. ಇದಕ್ಕೆ ಮುಂಬಯಿ ಉಚ್ಚ ನ್ಯಾಯಾಲಯದ 2025ರ ತೀರ್ಪೊಂದು ಉತ್ತರವಾಗಿದೆ. 1931ರ ಫೋರ್ಡ್ ಕಾರೊಂದನ್ನು 1983ರಲ್ಲಿ 20,000 ರೂಪಾಯಿಗೆ ಕೊಂಡು, ಮುಂದೆ 21 ಲಕ್ಷಕ್ಕೆ ಮಾರಿದ ಪ್ರಕರಣವದು. ಕಾರೆಂದರೆ ಸ್ವಂತ ಬಳಕೆಗೆ ಯೋಗ್ಯವಾದ ವಸ್ತು ಎಂಬಷ್ಟು ಸಾಲದು, ವಾಸ್ತವವಾಗಿ ಬಳಸಿದ್ದಕ್ಕೆ ಆಧಾರ ಬೇಕು ಎಂದು ಹೇಳಿ, ನ್ಯಾಯಾಲಯವು ತೆರಿಗೆಯನ್ನು ಎತ್ತಿಹಿಡಿಯಿತು. ‘ಇದನ್ನು ನೀನು ಬಳಸಿದೆಯಾ, ಸುಮ್ಮನೆ ಇಟ್ಟುಕೊಂಡೆಯಾ?’ ಎಂಬ ಈ ಪ್ರಶ್ನೆಯನ್ನು ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ನಮ್ಮ ಆಚಾರ್ಯರು ಎಂದೋ ಕೇಳಿದ್ದರು.

ಕಾರನ್ನು ಮಡದಿಯ ಹೆಸರಿಗೆ ಮಾಡಿಬಿಡಿ ಎಂಬ ಸಲಹೆಯೂ ಬಂದಿತು. ಇದು ಹೊಸ ಉಪಾಯವಲ್ಲ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಈ ವ್ರತದ ಅತಿಚಾರಗಳನ್ನು ವಿವರಿಸುವಾಗ, ಎರಡು ಮನೆಗಳ ನಡುವಿನ ಗೋಡೆ ಕೆಡವಿ ಒಂದೆಂದು ಎಣಿಸುವವರನ್ನೂ, ಮಿತಿಗೆ ಮೀರಿದ ಬಂಗಾರವನ್ನು ವ್ರತದ ಅವಧಿ ಮುಗಿಯುವವರೆಗೆ ಇತರರ ಕೈಯಲ್ಲಿ ಇಡುವವರನ್ನೂ ಗುರುತಿಸಿದ್ದಾರೆ. ಹನ್ನೆರಡನೆಯ ಶತಮಾನದ ಗುಜರಾತಿನ ವರ್ತಕರನ್ನು ಹತ್ತಿರದಿಂದ ಬಲ್ಲವರಿಗೆ ಇದು ತಿಳಿಯದೆ ಇರುವುದಾದರೂ ಹೇಗೆ! ಪರಿಮಾಣವನ್ನೇ ಹೆಚ್ಚಿಸಿಕೊಳ್ಳಿ, ರೂಪಾಯಿಯ ಬೆಲೆ ಕುಸಿದಿಲ್ಲವೇ ಎಂದವರ ಮಾತಿನಲ್ಲಿ ಸ್ವಲ್ಪ ತೂಕವಿದೆ. 1979ರ ಹನ್ನೆರಡು ಲಕ್ಷ ಇಂದಿನ ಹನ್ನೆರಡು ಲಕ್ಷವಲ್ಲ. ಆದರೂ ವ್ರತದ ಎಲ್ಲೆಯನ್ನು ಒಳಕ್ಕೆ ಎಳೆಯಬಹುದು, ಹೊರಕ್ಕೆ ತಳ್ಳಲಾಗದು. ತಳ್ಳುವ ಅಧಿಕಾರ ಹಣದುಬ್ಬರಕ್ಕೆ ಸಿಕ್ಕಿತೆಂದರೆ, ಮುಂದೆ ಅದು ಪ್ರತಿಯೊಂದು ಆಸೆಗೂ ಸಿಗುತ್ತದೆ.

ಆ ವರ್ಷದ ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯದಂದು, ಶ್ರಾವಕರು ವಹಿಯನ್ನು ತೆರೆದು ‘ಮೋಟಾರು ಒಂದು, ಎರಡು ಸಾವಿರ’ ಎಂಬುದನ್ನು ಹೊಡೆದುಹಾಕಿ ‘ಎಂಟು ಲಕ್ಷ’ ಎಂದು ಬರೆದರು. ಐದು ಲಕ್ಷದ ಠೇವಣಿಯನ್ನು ಮುರಿಸಿ ಬಸದಿಯ ಛಾವಣಿಯ ದುರಸ್ತಿಗೂ ಪಾಠಶಾಲೆಗೂ ಕೊಟ್ಟರು. ಕಾರನ್ನೇ ಟ್ರಸ್ಟಿಗೆ ಕೊಡುವ ಮಾತೂ ಬಂದಿತ್ತು. ಅದನ್ನು ನೋಡಿಕೊಳ್ಳುವ ಕೈಗಳು ತಮ್ಮಲ್ಲಿಲ್ಲವೆಂದು ಟ್ರಸ್ಟಿಗಳು ವಿನಯದಿಂದ ನಿರಾಕರಿಸಿದ್ದರು. ಅದು ವಿವೇಕದ ನಿರ್ಧಾರ. ದಾನಿಯ ಮೂರ್ಛೆಯನ್ನು ದೇವಸ್ವದ ಖರ್ಚಿಗೆ ವರ್ಗಾಯಿಸಿಕೊಂಡ ಟ್ರಸ್ಟುಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಅಂದಿನಿಂದ ಪ್ರತಿವರ್ಷ ಅದೇ ದಿನ ಅವರು ಹಳೆಯ ಕಾರುಗಳ ವ್ಯವಹಾರ ತಿಳಿದವರಿಂದ ಬೆಲೆ ಕಟ್ಟಿಸುತ್ತಾರೆ. ಬೆಲೆ ಏರಿದಷ್ಟು ಹಣ ಬೇರೆ ಸ್ವತ್ತಿನಿಂದ ದಾನಕ್ಕೆ ಹೋಗುತ್ತದೆ. ಎಂಜಿನ್ನು ಕೆಡದಿರಲೆಂದು ಹದಿನೈದು ದಿನಕ್ಕೊಮ್ಮೆ ಸುಮ್ಮನೆ ಓಡಿಸಬೇಕಾದದ್ದು ಪ್ರಮಾದಚರ್ಯೆಯಾಗುತ್ತದೆಂದು, ಆ ಓಟವನ್ನು ಬಸದಿಗೆ ಅಕ್ಕಿ ಸಾಗಿಸುವುದಕ್ಕೆ ಜೋಡಿಸಿದ್ದರು. 2021ರ ನಿಯಮ ಬಂದ ಮೇಲೆ ಅದೂ ಸರಿಯೋ ಅಲ್ಲವೋ ಎಂಬ ಸಂಶಯ ಹುಟ್ಟಿ, ಈಗ ದುರಸ್ತಿಗೆ ಹೋಗಿಬರುವ ದಾರಿಯಲ್ಲಷ್ಟೇ ಓಡಿಸುತ್ತಾರೆ. ಚಾತುರ್ಮಾಸದಲ್ಲಿ ಹೊರತೆಗೆಯುವುದಿಲ್ಲ. ಪ್ರದರ್ಶನಗಳಿಗೆ ಕರೆ ಬಂದರೆ ಅರ್ಜಿಯಲ್ಲಿ ‘ಸ್ಪರ್ಧೆಗಲ್ಲ’ ಎಂದು ಬರೆಯುತ್ತಾರೆ. ಗೋಣಿಚೀಲದ ಚರ್ಮವನ್ನು ಮಾರಬಾರದು, ಸುಡಬಾರದು, ತೇವದ ನೆಲದಲ್ಲಿ ಹೂಳಿದರೆ ಹುಳು ಹುಟ್ಟುತ್ತವೆ ಎಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅದು ಅಟ್ಟದ ಮೇಲೆಯೇ ಇದೆ.

ಕಾರಿನ ಬೆಲೆ ಹೀಗೆಯೇ ಏರುತ್ತ ಹೋಗಿ, ಒಂದು ವರ್ಷ ಬೇರೆ ಸ್ವತ್ತೇ ಉಳಿಯದಿದ್ದರೆ ಏನು ಮಾಡುವಿರೆಂದು ಮಗ ಒಮ್ಮೆ ಕೇಳಿದನು. “ಆ ವರ್ಷ ಕಾರು ಹೋಗುತ್ತದೆ” ಎಂದು ಹೇಳಿ, ಅವರು ರೇಡಿಯೇಟರಿಗೆ ಸೋಸಿದ ನೀರು ತುಂಬಿಸಲು ಎದ್ದರು.